ಮಾತ್ರೆ ನಿಂತರೂ ನಿಲ್ಲದ ತೊಂದರೆ: ಕೈಯಿಂದ ದುಡ್ಡು ಹಾಕಿ ಉತ್ತರ ಹುಡುಕುತ್ತಿರುವ ರೋಗಿಗಳು

ಸಂಜೆ ಆರರ ಹೊತ್ತು. ಮಕ್ಕಳೆಲ್ಲ ಕೆಳಗೆ ಆಟಕ್ಕೆ ಹೋಗಿದ್ದವು. ಕಾಫಿ ಲೋಟ ಹಿಡಿದು ಕೂತಿದ್ದ ಪಕ್ಕದ ಬೀದಿಯ ಗೆಳತಿ ಹತ್ತು ನಿಮಿಷ ಅದೂ ಇದೂ ಮಾತಾಡಿದಳು. ಅವರೆಕಾಯಿ ರೇಟು, ಮಗಳ ಟ್ಯೂಷನ್ನು, ಅತ್ತೆಯ ಮಂಡಿನೋವು... ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ‘ಅಕ್ಕಾ, ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ’ ಅಂದಳು.

ವಿಷಯ ಇಷ್ಟು. ಮೂರು ವರ್ಷದ ಹಿಂದೆ ಅವಳ ತಾಯಿ ತೀರಿಕೊಂಡರು. ಆಮೇಲೆ ಅವಳಿಗೆ ನಿದ್ದೆಯಿಲ್ಲ, ಊಟ ಸೇರದು, ಒಲೆಯ ಮೇಲೆ ಹಾಲಿಟ್ಟು ಉಕ್ಕಿ ಹರಿದರೂ ನೋಡುತ್ತಾ ನಿಂತಿರುತ್ತಿದ್ದಳು. ಮನೆಯವರೇ ಮನೋವೈದ್ಯರ ಹತ್ತಿರ ಕರೆದೊಯ್ದರು. ಎಸಿಟಲೋಪ್ರಾಮ್ ಎಂಬ ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ ಮತ್ತೆ ಮನುಷ್ಯಳಾದೆ ಎಂದು ಅವಳೇ ಹೇಳುತ್ತಾಳೆ. ವರ್ಷ ಕಳೆದ ಮೇಲೆ ವೈದ್ಯರೇ ಸ್ವಲ್ಪ ಸ್ವಲ್ಪವಾಗಿ ಡೋಸ್ ಇಳಿಸಿ ಮಾತ್ರೆ ನಿಲ್ಲಿಸಿದರು. ನಿಲ್ಲಿಸಿ ಆಗಲೇ ಒಂದೂವರೆ ವರ್ಷವಾಗಿತ್ತು.

‘ಎಲ್ಲಾ ವಾಪಸ್ ಬಂತು ಅಕ್ಕಾ. ನಗು ಬಂತು, ಹಸಿವು ಬಂತು, ಇವರ ಜೊತೆ ಜಗಳ ಆಡೋ ಶಕ್ತೀನೂ ಬಂತು. ಅದೊಂದು ಬರಲಿಲ್ಲ.’

‘ಅದೊಂದು’ ಯಾವುದು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆಸೆ ಹುಟ್ಟುತ್ತಿಲ್ಲ ಅನ್ನುವುದಷ್ಟೇ ಅಲ್ಲ, ಆ ಜಾಗದಲ್ಲಿ ಸ್ಪರ್ಶವೇ ಸರಿಯಾಗಿ ತಿಳಿಯುತ್ತಿಲ್ಲ, ಹಲ್ಲು ಕೀಳಿಸುವಾಗ ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಹೇಗಿರುತ್ತದೋ ಹಾಗೆ ಎಂದಳು. ಗಂಡ ಮೊದಲು ಸುಮ್ಮನಿದ್ದರಂತೆ. ಈಗೀಗ ‘ನಿನಗೆ ನನ್ನ ಮೇಲೆ ಮನಸ್ಸಿಲ್ಲ’ ಎಂದು ಮುಖ ತಿರುಗಿಸಿ ಮಲಗುತ್ತಾರಂತೆ. ಧೈರ್ಯ ಮಾಡಿ ಒಬ್ಬ ಸ್ತ್ರೀರೋಗ ತಜ್ಞರನ್ನು ಕೇಳಿದ್ದಕ್ಕೆ, ‘ಎರಡು ಮಕ್ಕಳಾದ ಮೇಲೆ ಇದೆಲ್ಲಾ ಮಾಮೂಲಮ್ಮಾ’ ಎಂದು ಕಳಿಸಿಬಿಟ್ಟರಂತೆ. ಅವಳಿಗೆ ಮೂವತ್ತೆಂಟು ವರ್ಷ!

ನನಗೂ ಆಗ ಉತ್ತರ ಗೊತ್ತಿರಲಿಲ್ಲ. ‘ಇರು, ಓದಿ ತಿಳ್ಕೊಂಡು ಹೇಳ್ತೀನಿ’ ಅಂದೆ. ಓದುತ್ತಾ ಹೋದಂತೆ ಗೊತ್ತಾಗಿದ್ದು, ಇದು ಅವಳೊಬ್ಬಳ ಕಥೆಯಲ್ಲ ಎಂದು. ಇದಕ್ಕೊಂದು ಹೆಸರಿದೆ. ಇದರ ಬಗ್ಗೆ ಬೇರೆ ಬೇರೆ ದೇಶಗಳ ಔಷಧ ನಿಯಂತ್ರಣ ಸಂಸ್ಥೆಗಳು ಎಚ್ಚರಿಕೆ ಕೊಟ್ಟಿವೆ. ಎಲ್ಲಕ್ಕಿಂತ ಆಶ್ಚರ್ಯವೆಂದರೆ, ಇದರ ಕಾರಣ ಹುಡುಕಲು ನಡೆಯುತ್ತಿರುವ ಸಂಶೋಧನೆಗೆ ಕೈಯಿಂದ ದುಡ್ಡು ಹಾಕುತ್ತಿರುವವರು ಈ ತೊಂದರೆ ಅನುಭವಿಸುತ್ತಿರುವ ರೋಗಿಗಳೇ.

ಮೊದಲು ಒಂದು ಎಚ್ಚರಿಕೆ

ಮುಂದೆ ಓದುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನೀವೋ ನಿಮ್ಮ ಮನೆಯವರೋ ಈಗ ಖಿನ್ನತೆಗೆ, ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಇದನ್ನು ಓದಿ ಹೆದರಿ ನಾಳೆ ಬೆಳಿಗ್ಗೆಯಿಂದ ನಿಲ್ಲಿಸಬೇಡಿ. ಈ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಇವೆಲ್ಲ ಆಗಬಹುದು. ಹಳೆಯ ಖಿನ್ನತೆ ಇನ್ನೂ ಜೋರಾಗಿ ಮರುಕಳಿಸಬಹುದು. ಖಿನ್ನತೆ ಜೀವ ತೆಗೆಯುವ ಕಾಯಿಲೆ, ನೆನಪಿರಲಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮನಸ್ಸಿನ ಕಾಯಿಲೆ ಇರುವವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯ ಹೊರಗೇ ಇದ್ದಾರೆ. ಹಾಗಾಗಿ ನಮ್ಮಲ್ಲಿ ಮಾತ್ರೆ ತಿಂದು ಕೆಟ್ಟವರಿಗಿಂತ ಮಾತ್ರೆ ಸಿಗದೆ ನರಳಿದವರೇ ಹೆಚ್ಚು. ನನ್ನ ಗೆಳತಿಯೂ ‘ಆ ಮಾತ್ರೆ ಇಲ್ದಿದ್ರೆ ನಾನು ಇವತ್ತು ಇಲ್ಲಿ ಕೂತಿರ್ತಿರಲಿಲ್ಲ’ ಅನ್ನುತ್ತಾಳೆ. ಎರಡೂ ನಿಜ. ಮಾತ್ರೆ ಅವಳನ್ನು ಉಳಿಸಿತು, ಏನನ್ನೋ ಕಸಿದುಕೊಂಡಂತೆಯೂ ಇದೆ.

ಕೇಳಿದರೆ 58, ಕೇಳದಿದ್ದರೆ 14

ಇಂದು ಖಿನ್ನತೆಗೆ ಹೆಚ್ಚಾಗಿ ಬರೆದುಕೊಡುವುದು ‘ಎಸ್‌ಎಸ್‌ಆರ್‌ಐ’ ಗುಂಪಿನ ಮಾತ್ರೆಗಳು. ಫ್ಲುಯಾಕ್ಸೆಟಿನ್, ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್, ಎಸಿಟಲೋಪ್ರಾಮ್ ಇವೆಲ್ಲ ಅದೇ ಮನೆತನದವು. ಅಮೆರಿಕದಲ್ಲಿ ಫ್ಲುಯಾಕ್ಸೆಟಿನ್‌ಗೆ ಒಪ್ಪಿಗೆ ಸಿಕ್ಕಿದ್ದು 1987ರ ಕೊನೆಗೆ. ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ನರತಂತುಗಳ ನಡುವೆ ಹೆಚ್ಚು ಹೊತ್ತು ಉಳಿಯುವಂತೆ ಮಾಡುವುದು ಇವುಗಳ ಕೆಲಸ. ಖಿನ್ನತೆಗಷ್ಟೇ ಅಲ್ಲ, ಗಾಬರಿ, ಒಂದೇ ಯೋಚನೆ ಪದೇ ಪದೇ ಕಾಡುವ ಗೀಳು, ಕೆಲವರಿಗೆ ಮುಟ್ಟಿಗೆ ಮುಂಚಿನ ತೀವ್ರ ಮನೋವೇದನೆ, ಇವಕ್ಕೂ ಕೊಡುತ್ತಾರೆ.

ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಲೈಂಗಿಕ ಆಸಕ್ತಿ ಕುಗ್ಗುವುದು, ತೃಪ್ತಿಯ ಹಂತ ತಡವಾಗುವುದು ಅಥವಾ ಬಾರದೇ ಹೋಗುವುದು ತೀರಾ ಸಾಮಾನ್ಯ. ಇದರ ಬಗ್ಗೆ ಸ್ಪೇನ್ ದೇಶದ ವೈದ್ಯರು 1997ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ಬಹಳ ಇಷ್ಟವಾಯಿತು. ಈ ಮಾತ್ರೆ ಸೇವಿಸುತ್ತಿದ್ದ 344 ರೋಗಿಗಳು. ‘ಏನಾದರೂ ತೊಂದರೆ ಇದೆಯಾ?’ ಎಂದು ಸುಮ್ಮನೆ ಬಿಟ್ಟಾಗ ಲೈಂಗಿಕ ತೊಂದರೆಯನ್ನು ತಾವಾಗಿ ಬಾಯಿಬಿಟ್ಟವರು ನೂರಕ್ಕೆ 14 ಮಂದಿ. ವೈದ್ಯರೇ ನೇರವಾಗಿ ಆ ಪ್ರಶ್ನೆ ಕೇಳಿದಾಗ ಹೌದೆಂದವರು 58! ಅಂದರೆ ನಾಲ್ಕರಲ್ಲಿ ಮೂವರು ತೊಂದರೆಯನ್ನು ನುಂಗಿಕೊಂಡು ಕೂತಿದ್ದರು. ಅದು ಸ್ಪೇನ್. ಇನ್ನು ನಮ್ಮ ಕ್ಲಿನಿಕ್ಕುಗಳ ಪಾಡು ಯೋಚಿಸಿ. ಪಕ್ಕದಲ್ಲಿ ಅತ್ತೆ ಕೂತಿರುತ್ತಾರೆ, ಹಿಂದೆ ಗಂಡ ನಿಂತಿರುತ್ತಾನೆ, ಬಾಗಿಲಾಚೆ ಟೋಕನ್ ಹಿಡಿದ ಇಪ್ಪತ್ತು ಜನ. ಹೆಂಗಸು ಬಾಯಿ ಬಿಡುವುದುಂಟೇ?

ಅದೇ ತಂಡ 2001ರಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ವಿಚಾರಿಸಿ ಇನ್ನೊಂದು ವರದಿ ಕೊಟ್ಟಿತು. ಖಿನ್ನತೆಯ ಮಾತ್ರೆಯಿಂದ ಯಾವುದಾದರೊಂದು ಲೈಂಗಿಕ ತೊಂದರೆ ಇದ್ದವರು ಸುಮಾರು 59 ಶೇಕಡಾ. ತೊಂದರೆ ಗಂಡಸರಲ್ಲಿ ತುಸು ಹೆಚ್ಚು ಜನಕ್ಕಿತ್ತು, ಆದರೆ ಹೆಂಗಸರಲ್ಲಿ ಅದರ ತೀವ್ರತೆ ಜಾಸ್ತಿ. ಬಹುತೇಕರಿಗೆ ಮಾತ್ರೆ ನಿಲ್ಲಿಸಿದ ಮೇಲೆ ಇದು ಸರಿಹೋಗುತ್ತದೆ. ಡೋಸ್ ಇಳಿಸಿದರೆ, ಬೇರೆ ಮಾತ್ರೆಗೆ ಬದಲಾಯಿಸಿದರೆ ಎಷ್ಟೋ ಜನಕ್ಕೆ ಅಲ್ಲೇ ಪರಿಹಾರ ಸಿಗುತ್ತದೆ. ಬುಪ್ರೊಪಿಯಾನ್, ಮಿರ್ಟಾಜಪಿನ್‌ನಂಥ ಮಾತ್ರೆಗಳಲ್ಲಿ ಈ ಕಾಟ ಕಡಿಮೆ. ಎಲ್ಲರಿಗೂ ಅವು ಹೊಂದುವುದಿಲ್ಲ, ಅದನ್ನು ವೈದ್ಯರೇ ಹೇಳಬೇಕು.

ಪ್ರಶ್ನೆ ಇರುವುದು ಉಳಿದವರದ್ದು. ಮಾತ್ರೆ ನಿಂತು ತಿಂಗಳು, ವರ್ಷ ಕಳೆದರೂ ಸರಿಹೋಗದವರದ್ದು.

ಹೆಸರು ಬಂದದ್ದು ಹೇಗೆ?

2006ರಲ್ಲಿ ಅಮೆರಿಕದ ಆಂಟೊನಿ ಸೋಕಾ, ಸ್ಟುವರ್ಟ್ ಶಿಪ್ಕೊ ಮತ್ತು ಬೇರೆಯಾಗಿ ಮನಶ್ಶಾಸ್ತ್ರಜ್ಞೆ ಆಡ್ರಿ ಬಹ್ರಿಕ್ ಇಂಥ ರೋಗಿಗಳ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದರು. ಇದಕ್ಕೆ ನಿಂತ ಹೆಸರು ‘ಪಿಎಸ್‌ಎಸ್‌ಡಿ’. ಎಸ್‌ಎಸ್‌ಆರ್‌ಐ ನಿಲ್ಲಿಸಿದ ನಂತರವೂ ಉಳಿಯುವ ಲೈಂಗಿಕ ತೊಂದರೆ ಎಂದು ಅರ್ಥ. ಜನನಾಂಗದ ಸ್ಪರ್ಶಜ್ಞಾನ ಮಂದವಾಗುವುದು, ಆಸೆ ಬತ್ತಿಹೋಗುವುದು, ಪರಾಕಾಷ್ಠೆಯಲ್ಲಿ ಸುಖವೇ ಇಲ್ಲದಿರುವುದು ಇದರ ಮುಖ್ಯ ಲಕ್ಷಣ. ಗಂಡಸರಲ್ಲಿ ನಿಮಿರು ದೌರ್ಬಲ್ಯವೂ ಸೇರುತ್ತದೆ. ಕೆಲವರು ಮನಸ್ಸೂ ಮರಗಟ್ಟಿದೆ ಎನ್ನುತ್ತಾರೆ. ಮಗು ಓಡಿಬಂದು ತಬ್ಬಿಕೊಂಡರೂ ಒಳಗೆ ಏನೂ ಆಗುವುದಿಲ್ಲವಂತೆ.

‘ಇದು ಖಿನ್ನತೆಯೇ ಪೂರ್ತಿ ವಾಸಿಯಾಗದೆ ಉಳಿದದ್ದಲ್ವಾ?’ ಎಂದು ಕೇಳುವ ವೈದ್ಯರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಖಿನ್ನತೆ ಆಸೆಯನ್ನು ಕೊಲ್ಲುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಮುಟ್ಟು ನಿಲ್ಲುವ ಕಾಲ, ಬೇರೆ ಔಷಧಿಗಳು, ಕೊನೆಗೆ ಗಂಡ ಹೆಂಡಿರ ನಡುವಿನ ಮುನಿಸು ಕೂಡ ಇದಕ್ಕೆ ಕಾರಣವಾಗಬಹುದು. ಆದರೆ ಸ್ಪರ್ಶವೇ ತಿಳಿಯದ ಹಾಗೆ ಮರಗಟ್ಟುವುದು ಖಿನ್ನತೆಯ ಲಕ್ಷಣವಲ್ಲ. ಖಿನ್ನತೆಯಿಂದ ಊಟ ರುಚಿಸದೇ ಇರಬಹುದು, ನಾಲಿಗೆಗೆ ಬಿಸಿ ತಣ್ಣಗೆ ಗೊತ್ತಾಗದೇ ಹೋಗುವುದಿಲ್ಲವಲ್ಲ! ಇನ್ನೊಂದು ವಿಷಯ. ಇದೇ ಗುಂಪಿನ ಡಪಾಕ್ಸೆಟಿನ್ ಎಂಬ ಮಾತ್ರೆಯನ್ನು ಶೀಘ್ರ ಸ್ಖಲನದ ಗಂಡಸರಿಗೆ ಮಿಲನಕ್ಕೆ ಒಂದರಿಂದ ಮೂರು ಗಂಟೆ ಮುಂಚೆ ತೆಗೆದುಕೊಳ್ಳಲು ಕೊಡುತ್ತಾರೆ. ಅಂದರೆ ಈ ಔಷಧಿಗಳು ಆ ಭಾಗದ ಮೇಲೆ ಎಷ್ಟು ಬೇಗ ಕೆಲಸ ಮಾಡುತ್ತವೆ ಎಂಬುದು ವೈದ್ಯರಿಗೆ ಮೊದಲೇ ಗೊತ್ತಿದ್ದದ್ದೇ. ಮನಸ್ಸಿನ ಮೇಲೆ ಪರಿಣಾಮ ಕಾಣಲು ವಾರಗಳು ಬೇಕು, ಅಲ್ಲಿಗೆ ಗಂಟೆಗಳು ಸಾಕು.

2022ರಲ್ಲಿ ಡೇವಿಡ್ ಹೀಲಿ ಮತ್ತಿತರ ವೈದ್ಯರು ಇದನ್ನು ಗುರುತಿಸಲು ಮಾನದಂಡಗಳನ್ನೇ ಪ್ರಕಟಿಸಿದರು. ಆ ಗುಂಪಿನ ಮಾತ್ರೆ ತೆಗೆದುಕೊಂಡಿರಬೇಕು, ಜನನಾಂಗದ ಸ್ಪರ್ಶಜ್ಞಾನ ಬದಲಾಗಿರಬೇಕು, ಮಾತ್ರೆ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದರೂ ತೊಂದರೆ ಹಾಗೇ ಇರಬೇಕು, ಬೇರೆ ಕಾರಣ ಸಿಗಬಾರದು. ಐರ್ಲೆಂಡ್ ಮೂಲದ ಮನೋವೈದ್ಯ ಹೀಲಿ ಹಲವು ವರ್ಷಗಳಿಂದ ಈ ವಿಷಯದ ಬೆನ್ನು ಬಿದ್ದವರು. ಅವರ ಬಳಗ 2018ರಲ್ಲಿ 37 ದೇಶಗಳ 300 ರೋಗಿಗಳ ವಿವರ ಪ್ರಕಟಿಸಿತ್ತು. ಖಿನ್ನತೆಯ ಮಾತ್ರೆ ಮಾತ್ರವಲ್ಲ, ಬೋಳುತಲೆಗೆ ಕೊಡುವ ಫಿನಾಸ್ಟರೈಡ್, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ತೆಗೆದುಕೊಂಡವರೂ ಅದರಲ್ಲಿದ್ದರು. (ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಈ ಎರಡು ಹೆಸರು ನೆನಪಿಟ್ಟುಕೊಳ್ಳಿ. ಮೆಡಿಕಲ್ ಶಾಪಿನಲ್ಲಿ ತಾವೇ ಕೇಳಿ ತರುವ ಮಾತ್ರೆಗಳಲ್ಲ ಅವು.)

ನಿಧಾನವಾಗಿ ಸರ್ಕಾರಿ ಸಂಸ್ಥೆಗಳೂ ಕಣ್ಣು ತೆರೆದವು. 2011ರಲ್ಲಿ ಅಮೆರಿಕದಲ್ಲಿ ಫ್ಲುಯಾಕ್ಸೆಟಿನ್ ವಿವರಪತ್ರದೊಳಗೆ, ಲೈಂಗಿಕ ತೊಂದರೆ ಕೆಲವೊಮ್ಮೆ ಮಾತ್ರೆ ನಿಲ್ಲಿಸಿದ ಮೇಲೂ ಉಳಿಯಬಹುದು ಎಂಬ ಒಂದು ಸಾಲು ಸೇರಿತು. 2018ರಲ್ಲಿ 22 ವೈದ್ಯರು, ಸಂಶೋಧಕರು ಅಮೆರಿಕ ಮತ್ತು ಯುರೋಪಿನ ನಿಯಂತ್ರಣ ಸಂಸ್ಥೆಗಳಿಗೆ ಮನವಿ ಕೊಟ್ಟರು. ಯುರೋಪಿಯನ್ ಮೆಡಿಸಿನ್ಸ್ ಏಜೆನ್ಸಿ 2019ರಲ್ಲಿ ಈ ಗುಂಪಿನ ಮಾತ್ರೆಗಳ ವಿವರಪತ್ರದಲ್ಲಿ ಎಚ್ಚರಿಕೆ ಸೇರಿಸುವಂತೆ ಹೇಳಿತು. ಕೆನಡಾ 2021ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಅದೇ ದಾರಿ ಹಿಡಿದವು. ಅಮೆರಿಕದ ಎಫ್‌ಡಿಎ ಮಾತ್ರ ಮನವಿಗೆ ವರ್ಷಗಟ್ಟಲೆ ಉತ್ತರ ಕೊಡದೆ ಕೂತಿದ್ದರಿಂದ 2024ರಲ್ಲಿ ಅದರ ಮೇಲೆ ಕೋರ್ಟಿನಲ್ಲಿ ದಾವೆ ಹೂಡಬೇಕಾಯಿತು. ದಾವೆ ಸೋಕಾ ಅವರ ಪರವಾಗಿ.

ಎಚ್ಚರಿಕೆ ಬಂತು, ಸರಿ. ಆದರೆ ಕಾಯಿಲೆ ಯಾಕೆ ಬರುತ್ತದೆ, ಹೇಗೆ ವಾಸಿಯಾಗುತ್ತದೆ? ಅದನ್ನು ಹುಡುಕುವವರು ಯಾರು?

ಯಾರೂ ದುಡ್ಡು ಹಾಕದಿದ್ದಾಗ

ಹೊಸ ಔಷಧಿಯ ಸಂಶೋಧನೆಗೆ ಕಂಪನಿಗಳು ದುಡ್ಡು ಹಾಕುತ್ತವೆ, ಯಾಕೆಂದರೆ ನಾಳೆ ಮಾರಿ ಲಾಭ ಮಾಡಬಹುದು. ಆದರೆ ಈ ಮಾತ್ರೆಗಳ ಪೇಟೆಂಟ್ ಮುಗಿದು ಎಷ್ಟೋ ಕಾಲವಾಯಿತು. ಈಗ ಹತ್ತಾರು ಕಂಪನಿಗಳು ಅಗ್ಗದ ಬೆಲೆಗೆ ತಯಾರಿಸುತ್ತವೆ. ತಾನು ಮಾರುವ ಮಾತ್ರೆಯ ಕೆಡುಕನ್ನು ಕೈಯಾರೆ ದುಡ್ಡು ಕೊಟ್ಟು ಹುಡುಕಿಸುವ ವ್ಯಾಪಾರಿ ಎಲ್ಲಿದ್ದಾನೆ? ಸರ್ಕಾರಗಳ ಅನುದಾನ ಸಿಗಬೇಕಾದರೆ ಮೊದಲು ಆ ಕಾಯಿಲೆ ಇದೆ ಎಂದು ಎಲ್ಲರೂ ಒಪ್ಪಿರಬೇಕು, ಎಷ್ಟು ಜನಕ್ಕಿದೆ ಎಂಬ ಲೆಕ್ಕ ಬೇಕು. ಲೆಕ್ಕ ಸಿಗಬೇಕಾದರೆ ಸಂಶೋಧನೆ ಆಗಬೇಕು. ಸಂಶೋಧನೆಗೆ ದುಡ್ಡು ಬೇಕು. ಕೊನೆಗೆ ರೋಗಿಗಳೇ ಜೋಳಿಗೆ ಹಿಡಿದರು.

ಇದಕ್ಕೆ ದಾರಿ ತೋರಿಸಿದವರು ಫಿನಾಸ್ಟರೈಡ್ ಮಾತ್ರೆಯಿಂದ ಇದೇ ತರಹದ ತೊಂದರೆಗೆ ಸಿಕ್ಕ ಗಂಡಸರು. 2012ರಲ್ಲಿ ಅಮೆರಿಕದಲ್ಲಿ ಅವರಿಗಾಗಿ ಒಂದು ಪ್ರತಿಷ್ಠಾನ ಶುರುವಾಯಿತು. ದೇಣಿಗೆಯಿಂದ ಬಂದ ದುಡ್ಡನ್ನು ದೊಡ್ಡ ದೊಡ್ಡ ಆಸ್ಪತ್ರೆ, ವಿಶ್ವವಿದ್ಯಾಲಯಗಳ ಅಧ್ಯಯನಗಳಿಗೆ ಕೊಟ್ಟರು. ಇಟಲಿಯ ಮಿಲಾನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರೊಬೆರ್ಟೊ ಮೆಲ್ಕಾಂಜಿ ಅವರ ಪ್ರಯೋಗಾಲಯ ಅವುಗಳಲ್ಲೊಂದು.

2017ರಲ್ಲಿ ಹೀಲಿಯವರ ‘ರಿಸ್ಕ್’ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. ಈ ತೊಂದರೆಗೆ ಮದ್ದು ಕಂಡುಹಿಡಿದವರಿಗೆ ಒಂದು ಲಕ್ಷ ಡಾಲರ್ ಬಹುಮಾನ ಎಂದು ಘೋಷಿಸಿ, ಅದಕ್ಕೆ ಜನರಿಂದಲೇ ಹಣ ಕೂಡಿಸಲು ಹೊರಟರು. ನಿಜ ಹೇಳಬೇಕೆಂದರೆ ನನಗೆ ಈ ಬಹುಮಾನದ ಯೋಚನೆಗಿಂತ ಮಿಲಾನ್ ದಾರಿಯೇ ಹೆಚ್ಚು ಹಿಡಿಸಿತು. ಕಾರಣವೇ ಗೊತ್ತಿಲ್ಲದ ಕಾಯಿಲೆಗೆ ಮದ್ದು ಹುಡುಕಿ ಎಂದರೆ, ಯಾವ ಸ್ವಿಚ್ಚು ಯಾವ ಲೈಟಿನದು ಎಂದು ಗೊತ್ತಿಲ್ಲದ ಮನೆಯಲ್ಲಿ ಕತ್ತಲಲ್ಲಿ ತಡಕಾಡಿದ ಹಾಗೆ.

ನಂತರ ಖಿನ್ನತೆಯ ಮಾತ್ರೆಯ ಸಂತ್ರಸ್ತರೂ ‘ಪಿಎಸ್‌ಎಸ್‌ಡಿ ನೆಟ್‌ವರ್ಕ್’ ಎಂದು ಸಂಘ ಕಟ್ಟಿಕೊಂಡರು. ಬೇರೆ ಬೇರೆ ದೇಶದವರು, ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ನಾವು ಮಹಿಳಾ ಮಂಡಳಿಯಲ್ಲಿ ಚೀಟಿ ಹಾಕಿದ ಹಾಗೆ ಅವರು ತಮ್ಮ ಕೈಲಾದಷ್ಟು ಹಾಕಿ, ಆ ಹಣವನ್ನು ಮೆಲ್ಕಾಂಜಿ ಅವರ ಸಂಶೋಧನೆಗೆ ಒದಗಿಸುತ್ತಿದ್ದಾರೆ. ನಮ್ಮ ಚೀಟಿಗಾದರೆ ಒಂದು ತಿಂಗಳು ದುಡ್ಡು ವಾಪಸ್ ಬರುತ್ತದೆ. ಅವರ ಚೀಟಿ ಯಾವಾಗ ಎತ್ತುತ್ತಾರೋ, ಎತ್ತಿದಾಗ ಏನು ಸಿಗುತ್ತದೋ ಯಾರಿಗೂ ಗೊತ್ತಿಲ್ಲ.

ಮಿಲಾನಿನಲ್ಲಿ ಏನು ನಡೆಯುತ್ತಿದೆ?

ಹಾರ್ಮೋನು ಎಂದರೆ ಅಂಡಾಶಯ, ವೃಷಣ, ಥೈರಾಯ್ಡ್ ಇವೇ ನೆನಪಾಗುತ್ತವೆ ಅಲ್ಲವೇ? ಆದರೆ ಮೆದುಳು ಕೂಡ ತನಗೆ ಬೇಕಾದ ಕೆಲವು ಸ್ಟೀರಾಯ್ಡ್‌ಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅಂಗಡಿಯಿಂದ ಸಾರಿನ ಪುಡಿ ತಂದರೂ ಮನೆಯಲ್ಲೊಂದಿಷ್ಟು ಹದವಾಗಿ ಹುರಿದು ಪುಡಿ ಮಾಡಿಟ್ಟುಕೊಳ್ಳುತ್ತೇವಲ್ಲ, ಹಾಗೆ. ಇವಕ್ಕೆ ನ್ಯೂರೋಸ್ಟೀರಾಯ್ಡ್ ಎಂದು ಹೆಸರು. ಮನಸ್ಸಿನ ಸ್ಥಿತಿ, ಆತಂಕ, ಲೈಂಗಿಕ ವರ್ತನೆ ಎಲ್ಲದರಲ್ಲೂ ಇವುಗಳ ಕೈವಾಡವಿದೆ.

ಮೆಲ್ಕಾಂಜಿ ತಂಡ ಗಂಡು ಇಲಿಗಳಿಗೆ ಎರಡು ವಾರ ಪ್ಯಾರಾಕ್ಸೆಟಿನ್ ಕೊಟ್ಟು ನಿಲ್ಲಿಸಿತು. ನಿಲ್ಲಿಸಿದ ಕೂಡಲೇ ಒಮ್ಮೆ, ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ಮೆದುಳಿನ ಭಾಗಗಳನ್ನು ಪರೀಕ್ಷಿಸಿತು. ತಿಂಗಳ ನಂತರವೂ ಮೆದುಳಿನ ಸ್ಟೀರಾಯ್ಡ್‌ಗಳ ಪ್ರಮಾಣದಲ್ಲಿ ವ್ಯತ್ಯಾಸ ಕಂಡಿತು. 2021ರಲ್ಲಿ ಇದು ಪ್ರಕಟವಾಯಿತು. ಮುಂದೆ ಅದೇ ತಂಡ ಆಸೆ, ಖುಷಿ, ಕಾಮನೆಗೆ ಸಂಬಂಧಿಸಿದ ಮೆದುಳಿನ ಎರಡು ಭಾಗಗಳಲ್ಲಿ ಯಾವ ಯಾವ ವಂಶವಾಹಿಗಳ ಕೆಲಸ ಹೆಚ್ಚು ಕಡಿಮೆಯಾಗಿದೆ ಎಂದು ನೋಡುವ ಕೆಲಸಕ್ಕೆ ಕೈ ಹಾಕಿತು.

ಇಲಿಯ ಮೆದುಳಲ್ಲಿ ಕಂಡದ್ದು ಮನುಷ್ಯರಿಗೂ ಹಾಗೇ ಅನ್ವಯಿಸುತ್ತದೆ ಎನ್ನುವಂತಿಲ್ಲ. ಇದೇ ಕಾರಣ ಎಂದು ಯಾರೂ ಹೇಳಿಲ್ಲ. ಮದ್ದಂತೂ ದೂರದ ಮಾತು. ಪಿಎಸ್‌ಎಸ್‌ಡಿಗೆ ಸಾಬೀತಾದ ಚಿಕಿತ್ಸೆ ಇವತ್ತಿಗೂ ಇಲ್ಲ. ಗ್ಯಾರಂಟಿ ಮದ್ದು, ಲೇಹ್ಯ, ತೈಲ ಎಂದು ಯಾರಾದರೂ ಜಾಹೀರಾತು ಕೊಟ್ಟರೆ ದಯವಿಟ್ಟು ನಂಬಬೇಡಿ.

ದುಡ್ಡು ಕೊಟ್ಟವರೇ ರೋಗಿಗಳಾದರೆ ಫಲಿತಾಂಶ ಅವರ ಕಡೆಗೇ ವಾಲುವುದಿಲ್ಲವೇ? ನನಗೂ ಈ ಅನುಮಾನ ಬಂತು. ಅದಕ್ಕೆ ಉತ್ತರ ಫಿನಾಸ್ಟರೈಡ್ ಕಥೆಯಲ್ಲೇ ಇದೆ. ಅಮೆರಿಕದ ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ ಆ ಪ್ರತಿಷ್ಠಾನದ ಹಣದಲ್ಲಿ ಒಂದು ಅಧ್ಯಯನ ನಡೆಯಿತು. ಗಂಡು ಹಾರ್ಮೋನಿನ ಕೊರತೆಯೇ ತೊಂದರೆಗೆ ಮೂಲ ಎಂಬ ನಂಬಿಕೆ ರೋಗಿಗಳಲ್ಲಿ ಬಲವಾಗಿತ್ತು. 2016ರಲ್ಲಿ ಬಂದ ವರದಿ, ಹಾಗೆ ಹೇಳಲು ಪುರಾವೆ ಸಿಗಲಿಲ್ಲ ಎಂದಿತು. ಕೊಟ್ಟ ದುಡ್ಡಿಗೆ ಬೇಕಾದ ಉತ್ತರ ಬರಲಿಲ್ಲ, ಆದರೂ ಅದು ಪ್ರಕಟವಾಯಿತು. ವಿಜ್ಞಾನಿ ಸ್ವತಂತ್ರವಾಗಿದ್ದರೆ ದಾನಿ ಸಂಶೋಧನೆಯನ್ನು ಕೊಳ್ಳಬಹುದು, ಉತ್ತರವನ್ನು ಕೊಳ್ಳಲಾಗದು. ಆದರೆ ಇನ್ನೊಂದು ಚಿಂತೆ ಉಳಿಯುತ್ತದೆ. ಇವರಲ್ಲಿ ಎಷ್ಟೋ ಜನ ಹತಾಶರಾದವರು, ಕೆಲಸ ಬಿಟ್ಟವರು, ಸಂಸಾರ ಮುರಿದವರು. ಔಷಧಿಯ ಲಾಭ ಯಾರಿಗೋ ಹೋಗಿ, ಅದರ ಕೆಡುಕಿನ ತನಿಖೆಯ ಖರ್ಚು ಮಾತ್ರ ನೋವು ತಿಂದವರ ತಲೆಗೆ ಬಂದಿದೆ. ಯಾಕೋ ಸರಿ ಅನ್ನಿಸುವುದಿಲ್ಲ.

ಲೆಕ್ಕದಲ್ಲಿ ಹೆಂಗಸರೆಲ್ಲಿ?

ಓದುತ್ತಾ ಹೋದಾಗ ನನ್ನನ್ನು ಹೆಚ್ಚು ಕಾಡಿದ್ದು ಇದು. ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಈ ಮಾತ್ರೆಗಳನ್ನು ಹೆಚ್ಚು ನುಂಗುವವರೂ ಹೆಂಗಸರೇ. ಆದರೆ ಇಲಿಗಳು ಗಂಡು!

ಎಷ್ಟು ಜನಕ್ಕೆ ಈ ತೊಂದರೆ ಶಾಶ್ವತವಾಗಿ ಉಳಿಯುತ್ತದೆ ಎಂದು ಅಂದಾಜು ಮಾಡಿದ ಒಂದು ಅಧ್ಯಯನ ಇಸ್ರೇಲ್‌ನಿಂದ 2023ರಲ್ಲಿ ಬಂತು. ಸುಮಾರು 216ರಲ್ಲಿ ಒಬ್ಬರಿಗೆ ಎಂದಿತು. ಈ ಲೆಕ್ಕ ಹಾಕಿದ್ದು ಹೇಗೆ ಗೊತ್ತೇ? ಖಿನ್ನತೆಯ ಮಾತ್ರೆ ನಿಲ್ಲಿಸಿದ ಮೇಲೂ ನಿಮಿರು ದೌರ್ಬಲ್ಯದ ಮಾತ್ರೆ ಕೊಳ್ಳುತ್ತಿದ್ದವರು ಯಾರೆಂದು ಚೀಟಿಗಳ ದಾಖಲೆಯಲ್ಲಿ ಹುಡುಕಿದರು. ಜಾಣ ಉಪಾಯವೇ. ಆದರೆ ಹೆಂಗಸರಿಗೆ ಅಂಥ ಮಾತ್ರೆಯ ಚೀಟಿ ಎಲ್ಲಿಂದ ಬರಬೇಕು? ಹಾಗಾಗಿ ಆ ಲೆಕ್ಕದಲ್ಲಿ ಇರುವವರು ಗಂಡಸರು ಮಾತ್ರ.

ಕೆನಡಾ ಮತ್ತು ಅಮೆರಿಕದ ಲೈಂಗಿಕ ಅಲ್ಪಸಂಖ್ಯಾತ ಯುವಜನರ ನಡುವೆ ನಡೆದ ಒಂದು ಸಮೀಕ್ಷೆ 2024ರಲ್ಲಿ ಪ್ರಕಟವಾಯಿತು. ಅಲ್ಲಿ ಪ್ರಶ್ನೆಯನ್ನು ನೇರವಾಗಿ ಕೇಳಿದ್ದರು. ಹಿಂದೆ ಖಿನ್ನತೆಯ ಮಾತ್ರೆ ತೆಗೆದುಕೊಂಡಿದ್ದವರಲ್ಲಿ ನೂರಕ್ಕೆ ಸುಮಾರು 13 ಮಂದಿ ಮರಗಟ್ಟುವಿಕೆ ಉಳಿದಿದೆ ಎಂದರು. ಬೇರೆ ಔಷಧಿ ತೆಗೆದುಕೊಂಡವರಲ್ಲಿ ಹಾಗೆಂದವರು ನೂರಕ್ಕೆ ಒಬ್ಬರೂ ಇಲ್ಲ. ಇದು ಅವರವರೇ ಹೇಳಿಕೊಂಡದ್ದು, ವೈದ್ಯರು ಪರೀಕ್ಷೆ ಮಾಡಿ ಬರೆದದ್ದಲ್ಲ. ಒಂದು ವರ್ಗದ ಹುಡುಗ ಹುಡುಗಿಯರ ಸಂಖ್ಯೆಯನ್ನು ಎಲ್ಲರಿಗೂ ಅನ್ವಯಿಸುವಂತೆಯೂ ಇಲ್ಲ. 216ರಲ್ಲಿ ಒಬ್ಬರೋ, ನೂರರಲ್ಲಿ ಹದಿಮೂರೋ? ಎರಡರ ನಡುವೆ ಎಷ್ಟು ಅಂತರ ನೋಡಿ. ಕೇಳುವ ರೀತಿ ಬದಲಾದರೆ ಲೆಕ್ಕವೇ ಬದಲಾಗುತ್ತದೆ.

ನಿಮಗೂ ಹೀಗಾಗಿದ್ದರೆ

ಇಷ್ಟೆಲ್ಲ ಓದಿಕೊಂಡು ಗೆಳತಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಅವಳು ಮೊದಲು ಕೇಳಿದ್ದು, ‘ಹಾಗಾದ್ರೆ ನಂಗೆ ತಲೆ ಕೆಟ್ಟಿಲ್ಲ ಅಲ್ವಾ ಅಕ್ಕಾ?’ ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ನಿನಗೆ ಇದೇ ಆಗಿದೆ ಅಂತ ನಾನು ಹೇಳಕ್ಕಾಗಲ್ಲ ಕಣೇ, ಡಾಕ್ಟರೇ ಹೇಳ್ಬೇಕು’ ಅಂದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬಾಯಲ್ಲಿ ಹೇಳಲು ನಾಚಿಕೆಯಾದರೆ ಒಂದು ಹಾಳೆಯಲ್ಲಿ ಬರೆಯಿರಿ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವಾಗ ಶುರು, ಯಾವಾಗ ನಿಂತಿತು, ತೊಂದರೆ ಮೊದಲು ಕಂಡದ್ದು ಯಾವಾಗ, ಮಾತ್ರೆಗೆ ಮುಂಚೆ ಹೇಗಿತ್ತು, ಈಗ ಹೇಗಿದೆ. ‘ಆಸಕ್ತಿ ಇಲ್ಲ’ ಎಂದಷ್ಟೇ ಬರೆದರೆ ವಯಸ್ಸು, ಸುಸ್ತು ಎಂದು ತಳ್ಳಿಹಾಕಬಹುದು. ಮರಗಟ್ಟಿದ್ದರೆ ಮರಗಟ್ಟಿದೆ ಎಂದೇ ಬರೆಯಿರಿ. ಹಳೆಯ ಚೀಟಿಗಳನ್ನು ಎಸೆಯಬೇಡಿ. ವೈದ್ಯರ ಹತ್ತಿರ ಐದು ನಿಮಿಷ ಒಬ್ಬಳೇ ಮಾತಾಡಬೇಕು ಎಂದು ಕೇಳುವುದು ನಿಮ್ಮ ಹಕ್ಕು. ಥೈರಾಯ್ಡ್, ಸಕ್ಕರೆ, ಹಾರ್ಮೋನು ಪರೀಕ್ಷೆಗಳನ್ನು ಮಾಡಿಸಿ ಬೇರೆ ಕಾರಣವಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಅಲ್ಲೇ ಉತ್ತರ ಸಿಕ್ಕರೆ ಅದಕ್ಕಿಂತ ಸಂತೋಷ ಇನ್ನೇನು?

ಮಾತ್ರೆ ಈಗಷ್ಟೇ ಶುರುವಾಗುವುದಿದ್ದರೆ, ‘ಇದರಿಂದ ಆ ವಿಷಯದಲ್ಲಿ ತೊಂದರೆಯಾಗುತ್ತಾ? ಆದ್ರೆ ಏನು ಮಾಡ್ಬೇಕು?’ ಎಂದು ಮೊದಲ ದಿನವೇ ಕೇಳಿಬಿಡಿ. ಒಳ್ಳೆಯ ವೈದ್ಯರು ಇದಕ್ಕೆ ಸಿಡುಕುವುದಿಲ್ಲ.

ಇನ್ನು ಗಂಡಂದಿರ ವಿಷಯ. ಈ ಪುಟವನ್ನು ಅವರ ಕಾಫಿಯ ಪಕ್ಕದಲ್ಲಿ ಇಟ್ಟುಬಿಡಿ, ಅಷ್ಟು ಸಾಕು. ಮನಸ್ಸಿಲ್ಲ ಎನ್ನುವುದಕ್ಕೂ ಮೈಗೆ ತಿಳಿಯುತ್ತಿಲ್ಲ ಎನ್ನುವುದಕ್ಕೂ ಇರುವ ವ್ಯತ್ಯಾಸ ಅರ್ಥವಾದರೆ ಅರ್ಧ ಜಗಳ ಕಮ್ಮಿಯಾಗುತ್ತದೆ. ಗೆಳತಿಯ ಮನೆಯಲ್ಲೂ ಹಾಗೇ ಆಯಿತು. ಎರಡನೇ ಸಲ ಮನೋವೈದ್ಯರ ಹತ್ತಿರ ಹೋಗುವಾಗ ಗಂಡನೇ ರಜೆ ಹಾಕಿ ಜೊತೆಗೆ ಹೋದರು. ತೊಂದರೆ ಇನ್ನೂ ಇದೆ. ಮುಖ ತಿರುಗಿಸಿ ಮಲಗುವುದು ಮಾತ್ರ ನಿಂತಿದೆಯಂತೆ.

ಔಷಧಿಯ ಅಡ್ಡಪರಿಣಾಮವನ್ನು ಸರ್ಕಾರಕ್ಕೆ ತಿಳಿಸುವ ಏರ್ಪಾಡು ನಮ್ಮ ದೇಶದಲ್ಲೂ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಇದನ್ನು ನೋಡಿಕೊಳ್ಳುತ್ತದೆ. ವೈದ್ಯರೇ ಬರೆಯಬೇಕೆಂದಿಲ್ಲ, ರೋಗಿಗಳೂ ತಿಳಿಸಬಹುದು. ಅದಕ್ಕೆ ಬೇರೆ ಫಾರಂ ಇದೆ, ಕನ್ನಡದಲ್ಲೂ ಇದೆ. ಉಚಿತ ಸಹಾಯವಾಣಿ 1800-180-3024, ಕಚೇರಿ ಸಮಯದಲ್ಲಿ ಮಾಡಿ. ಮೆಡಿಕಲ್ ಕಾಲೇಜುಗಳಲ್ಲಿರುವ ಅಡ್ಡಪರಿಣಾಮ ನಿಗಾ ಕೇಂದ್ರಗಳಲ್ಲೂ ಬರೆದುಕೊಡಬಹುದು. ಮನಸ್ಸೇ ಕುಸಿದಂತಾದರೆ, ಬದುಕು ಸಾಕು ಅನ್ನಿಸಿದರೆ ಟೆಲಿ ಮಾನಸ್ 14416, ಹಗಲು ರಾತ್ರಿ ಯಾವಾಗಲಾದರೂ. ಕನ್ನಡದಲ್ಲೇ ಮಾತಾಡುತ್ತಾರೆ.

ಗೆಳತಿ ಫಾರಂ ತುಂಬಿದ್ದು ಕಳೆದ ವಾರ, ನಮ್ಮ ಡೈನಿಂಗ್ ಟೇಬಲ್ಲಿನ ಮೇಲೆ. ‘ಪ್ರತಿಕ್ರಿಯೆಯ ವಿವರ’ ಎಂಬ ಕಡೆ ಬಂದಾಗ ಪೆನ್ನು ಹಿಡಿದು ತುಂಬಾ ಹೊತ್ತು ಕೂತಿದ್ದಳು. ‘ಹೀಗೆಲ್ಲಾ ಬರೀಬಹುದಾ ಅಕ್ಕಾ?’ ಎಂದಳು. ಬರಿ ಎಂದೆ. ಬರೆದಳು.